ಮೆಂತಿ ಪಲ್ಯಾ ತಗೋಬೇಕೋ ಪಾಲಕ್ ತಗೋಬೇಕೋ: ಕಣ್ಣಿ ಮಾರ್ಕೆಟ್ ಪಲ್ಯದ ಅಕ್ಕಾರ ಅಂಗಡಿ ರಿವ್ಯೂ

ಕಲಬುರಗಿ ಕಣ್ಣಿ ಮಾರ್ಕೆಟ್‌ನಾಗ ಬರೀ ತಪ್ಪಲ ಪಲ್ಯ ಮಾರೋ ಒಬ್ರು ಅಕ್ಕಾರು ಅದಾರ, ನೆಲದ ಮ್ಯಾಲ ಗೋಣಿಚೀಲ ಹಾಸ್ಕೊಂಡು ಕುಂದರ್ತಾರ, ಬೋರ್ಡ್ ಗೀರ್ಡ್ ಏನಿಲ್ಲ, ಆದ್ರೂ ನನ್ನ ಕಡಿಂದ ಫೈವ್ ಸ್ಟಾರ್. ಮುಂಜಾನೆ ಲಗೂನ ಹೋದ್ರ ಮೆಂತಿ, ಪಾಲಕ್, ಪುಂಡಿ, ರಾಜಗಿರಿ, ಸಬ್ಬಸಗಿ ಎಲ್ಲಾ ಇರ್ತದ, ಬೇರಿಗೆ ಹಸಿ ಕರಿಮಣ್ಣು ಹಂಗೇ ಅಂಟಿರ್ತದ. ಸೂಡು ಬಿಚ್ಚಿ ತೋರಸ್ರಿ ಅಂದ್ರ ಬ್ಯಾಸರ ಮಾಡ್ಕೊಳ್ಳಂಗಿಲ್ಲ, ನಡುವ ಹಳದಿ ಎಲಿ ಕಂಡ್ರ ತಾವೇ ಬದ್ಲಿ ಮಾಡಿ ಕೊಡ್ತಾರ. ಮೊದ್ಲ ನಾ ಒಂದು ಆ್ಯಪ್‌ನಾಗ ತರಸ್ತಿದ್ದೆ, ಪ್ಲಾಸ್ಟಿಕ್ ಪ್ಯಾಕೆಟ್‌ನಾಗ ಬೆವತು ಪಾಲಕ್ ಲೋಳಿ ಲೋಳಿ ಆಗಿ ಬರ್ತಿತ್ತು, ರೊಕ್ಕಾನೂ ಜಾಸ್ತಿ.

ಈಗ ಅಸಲ್ ಮಾತು. ಅಲ್ಲಿ ಬರೋರು ಭಾಳ ಮಂದಿ "ಅಕ್ಕಾ, ರಕ್ತ ಕಮ್ಮಿ ಅದ ಅಂದಾರ ಡಾಕ್ಟ್ರು, ಪಾಲಕ್ ಕೊಡ್ರಿ" ಅಂತಾರ. ಐರನ್ ಅಂದ್ರ ಪಾಲಕ್ಕೇ ಅಂತ ನಮ್ಮ ತಲ್ಯಾಗ ಕುಂತುಬಿಟ್ಟದ. ಆದ್ರ ಹೈದರಾಬಾದ್‌ನ ರಾಷ್ಟ್ರೀಯ ಪೋಷಣ ಸಂಸ್ಥೆ (ಎನ್‌ಐಎನ್) 2017ರಾಗ ತಂದಿರೋ, ಯಾವ ಆಹಾರದಾಗ ಏನೆಷ್ಟದ ಅನ್ನೋ ಪಟ್ಟಿ ನೋಡ್ರಿ, 100 ಗ್ರಾಂ ಹಸಿ ಪಾಲಕ್‌ನಾಗ ಐರನ್ ಸುಮಾರು 3 ಮಿಲಿಗ್ರಾಂ, ಅಷ್ಟೇ ಮೆಂತಿ ಪಲ್ಯಾದಾಗ ಐದೂವರೆ ಮ್ಯಾಲ. ಕ್ಯಾಲ್ಸಿಯಂ ಅಂತೂ ಪಾಲಕ್‌ನಾಗ 80ರ ಆಸುಪಾಸು, ಮೆಂತಿಯೊಳಗ 270 ದಾಟ್ತದ. ಪ್ರೋಟೀನ್, ನಾರು ಇವೂ ಮೆಂತಿಗೇ ಹೆಚ್ಚು.

ಇದ್ರಾಗ ಇನ್ನೊಂದು ಅದ, ಪಾಲಕ್‌ನಾಗ ಆಕ್ಸಲೇಟ್ ಅನ್ನೋ ಅಂಶ ಭಾಳ, ಅದು ಕ್ಯಾಲ್ಸಿಯಂನ ಹಿಡ್ಕೊಂಡುಬಿಡ್ತದ, ಹಂಗಾಗಿ ಪಾಲಕ್‌ನಾಗಿನ ಕ್ಯಾಲ್ಸಿಯಂ ನಮ್ಮ ಮೈಗೆ ಹತ್ತೋದು ನೂರಕ್ಕ ಐದರಷ್ಟು ಮಾತ್ರ, ಹಾಲಿಂದಾದ್ರ ಇಪ್ಪತ್ತೈದು ಮೂವತ್ತು ಹತ್ತತದ. ಮೆಂತಿಯೊಳಗ ಆಕ್ಸಲೇಟ್ ಭಾಳ ಕಮ್ಮಿ. ಕಿಡ್ನಿ ಸ್ಟೋನ್ ಆದೋರಿಗೆ ಪಾಲಕ್ ಕಮ್ಮಿ ಮಾಡ್ರಿ ಅಂತ ಡಾಕ್ಟ್ರು ಹೇಳೋದು ಪಾಲಕ್‌ನಾಗಿನ ಈ ಆಕ್ಸಲೇಟ್ ಸಲುವಾಗೇ.

ಹಂಗಂತ ಪಾಲಕ್ ಬಿಟ್ಟುಬಿಡ್ರಿ ಅಂತ ನಾ ಹೇಳಂಗಿಲ್ಲ. ಫೋಲೇಟ್ ಅನ್ನೋ ಬಿ ವಿಟಮಿನ್ ಪಾಲಕ್‌ನಾಗ ಮೆಂತಿಗಿಂತ ಹೆಚ್ಚದ, ಬಸುರಿ ಹೆಣ್ಮಕ್ಕಳಿಗೆ ಅದು ಬೇಕೇ ಬೇಕು, ಗುಳಿಗಿ ಕೊಟ್ಟಿದ್ರ ಅದನ್ನ ಬಿಡಬ್ಯಾಡ್ರಿ, ಜೋಡಿ ಇದೂ ಇರ್ಲಿ. ಸಣ್ಣ ಹುಡುಗ್ರಿಗೂ ಕಹಿ ಇಲ್ಲ ಅಂತ ಪಾಲಕ್ಕೇ ಸೇರ್ತದ. ರಕ್ತ ತೆಳ್ಳಗ ಮಾಡೋ ವಾರ್ಫರಿನ್ ಗುಳಿಗಿ ತಗೋಳೋರು ಮಾತ್ರ ಒಂದಿನ ಭಾಳ ಒಂದಿನ ಇಲ್ಲ ಅಂತ ಮಾಡಬ್ಯಾಡ್ರಿ, ಪಾಲಕ್‌ನಾಗ ವಿಟಮಿನ್ ಕೆ ಜಾಸ್ತಿ, ಅದು ಆ ಗುಳಿಗಿ ಕೆಲಸ ಕಮ್ಮಿ ಮಾಡ್ತದ, ಡಾಕ್ಟ್ರಿಗೆ ಕೇಳಿ ತಿನ್ರಿ.

ನಮ್ಮ ಮನ್ಯಾಗ ಈಗ ಹೆಚ್ಚು ಬರೋದು ಮೆಂತಿನೇ. ನಮ್ಮ ತೊಗರಿ ಬ್ಯಾಳಿ ಜೋಡಿ ಕುದಿಸಿ, ಇಳಿಸಿದ ಮ್ಯಾಲ ಲಿಂಬಿಹಣ್ಣು ಹಿಂಡ್ತೀವಿ, ಹುಳಿಯಾಗಿನ ವಿಟಮಿನ್ ಸಿ ಇದ್ರ ಐರನ್ ಮೈಗೆ ಚಲೋ ಹತ್ತತದ. ಎಳಿ ಮೆಂತಿ ಇದ್ರ ತೊಳದು ಹಂಗೇ ಹಸೀದು, ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಬಿಸಿ ಜೋಳದ ರೊಟ್ಟಿ ಜೋಡಿ, ಅದ್ರ ಮುಂದ ಮತ್ತೊಂದು ಊಟ ಇಲ್ಲ. ಊಟ ಆದ ಕೂಡ್ಲೇ ಚಾ ಕುಡೀಬ್ಯಾಡ್ರಿ, ತಿಂದ ಐರನ್ ಹತ್ತಂಗಿಲ್ಲ, ಒಂದು ತಾಸು ತಡೀರಿ. ಹಸಿ ತಿನ್ನೋರು ಮೂರ್ನಾಕು ನೀರಾಗ ತೊಳೀರಿ, ಬುಡದಾಗ ಮಣ್ಣು ಇರ್ತದ.

ಬ್ಯಾಸಗ್ಯಾಗ ನಮ್ಮ ಕಡಿ ಬಿಸಲು ನಿಮಗ ಗೊತ್ತೇ ಅದ, ಹೊತ್ತೇರಿದ ಮ್ಯಾಲ ಹೋದ್ರ ಎಲಿ ಬಾಡಿರ್ತದ, ಅಕ್ಕಾರು ಹಸಿ ಬಟ್ಟಿ ಮುಚ್ಚಿ ಕಾಪಾಡ್ತಾರ ಖರೆ, ಆದ್ರೂ ಮುಂಜಾನಿದ್ದಂಗ ಇರಂಗಿಲ್ಲ. ಫೋನ್‌ಪೇ ನಡೀತದ, ಚೀಲ ಮಾತ್ರ ಮನಿಯಿಂದ ಒಯ್ರಿ, ಅವ್ರು ಪ್ಲಾಸ್ಟಿಕ್ ಕೊಡಂಗಿಲ್ಲ.