ಗಣಪತಿ ಮುತ್ತೋ, ದುಂಡು ಮುತ್ತೋ?

ಪುಣೆಯ ನಮ್ಮ ಕನ್ನಡದವರಲ್ಲಿ ಈಚೆಗೆ ಹಲವರು ಮುತ್ತಿನ ಕೃಷಿಯ ಬಗ್ಗೆ ವಿಚಾರಿಸುತ್ತಿದ್ದಾರೆ. ಶಿರೂರಿನ ಕಡೆ ಮಾಮಾನ ಕೃಷಿ ಹೊಂಡದಲ್ಲಿ ನಾವು ಡಿಸೈನ್ ಮುತ್ತು (ಗಣಪತಿಯಂಥ ಅಚ್ಚಿನ ಆಕಾರದಲ್ಲಿ ಬೆಳೆಯುವುದು), ದುಂಡು ಮುತ್ತು ಎರಡನ್ನೂ ಬೆಳೆಸಿ ನೋಡಿದ್ದೇವೆ. ಸಣ್ಣ ಹೊಂಡವಿದ್ದವರಿಗೆ ನನ್ನ ಓಟು ಡಿಸೈನಿಗೆ.

ಡಿಸೈನಿಗೆ ಜೀವಂತ ಕಪ್ಪೆಚಿಪ್ಪನ್ನು ಒಂದು ಸೆಂಟಿಮೀಟರ್ ತೆರೆದರೆ ಸಾಕು. ಒಳಗೋಡೆಗೆ ಅಂಟಿದ ತೆಳು ಪೊರೆಯನ್ನು ಮೆಲ್ಲಗೆ ಬಿಡಿಸಿ, ಚಿಪ್ಪಿನ ಪುಡಿ ಮತ್ತು ಅಕ್ರಿಲಿಕ್‌ನಿಂದ ಮಾಡಿದ ಗಣಪತಿ ಅಚ್ಚನ್ನು ಆ ಸಂದಿಗೆ ತೂರಿಸಬೇಕು. ಗಣಪತಿಯ ಮುಖ ಪೊರೆಯ ಕಡೆಗಿರಲಿ, ಹೊಳಪಿನ ಪದರ ಹಚ್ಚುವುದು ಅದೇ. ಎರಡೂ ಹೋಳಿಗೆ ಒಂದೊಂದು ಅಚ್ಚು. ಮಾಮಿಗೆ ಇದು ಬೇಗನೆ ಕೈಹಿಡಿಯಿತು.

ದುಂಡು ಮುತ್ತು ಹಾಗಲ್ಲ. ಒಂದು ಚಿಪ್ಪುಜೀವಿಯನ್ನು ಬಲಿಕೊಟ್ಟು, ಅದರ ಪೊರೆಯಿಂದ ಎರಡು ಮಿಲಿಮೀಟರಿನ ಚೂರು ಕತ್ತರಿಸಿ, ಪುಟ್ಟ ಮಣಿಯ ಜೊತೆ ಮತ್ತೊಂದರ ಜನನಾಂಗದೊಳಗೆ ಇಡಬೇಕು. ಚೂರು ಮಣಿಯಿಂದ ಜರುಗಿದರೆ ಮುತ್ತಿಲ್ಲ, ಕರುಳಿಗೆ ಚಾಕು ತಾಗಿದರೆ ಜೀವವೇ ಇಲ್ಲ. ಮಾಮಾ ಕನ್ನಡಕ ಬದಲಿಸಿಕೊಂಡು ಬಂದರೂ ಬದುಕಿ ಉಳಿದವು ಕಡಿಮೆಯೇ.

ಮುಂದಿನ ಆರೈಕೆ ಎರಡಕ್ಕೂ ಒಂದೇ. ಸುಮಾರು 10 ದಿನ ತೊಟ್ಟಿಯಲ್ಲಿ ಔಷಧ ಹಾಕಿ ನೋಡಿಕೊಂಡು, ಸತ್ತವನ್ನು ದಿನಾ ತೆಗೆದು, ಉಳಿದವನ್ನು ನೈಲಾನ್ ಬಲೆಚೀಲದಲ್ಲಿ ಪೈಪಿಗೆ ಕಟ್ಟಿ ಹೊಂಡದಲ್ಲಿ ಇಳಿಬಿಡುವುದು. ಆಮೇಲೆ 12ರಿಂದ 18 ತಿಂಗಳು ಕಾಯುವ ಕೆಲಸ. ಪ್ಲಾಸ್ಟಿಕ್ ಹಾಸಿದ ಹೊಂಡದ ನೀರು ಗಾಜಿನಂತೆ ತಿಳಿಯಾಗಿರುತ್ತದೆ. ನೋಡಲು ಚೆಂದ, ಆದರೆ ಪಾಚಿ ತಿಂದು ಬದುಕುವ ಜೀವಕ್ಕೆ ಅಲ್ಲಿ ಉಪವಾಸ. ಸಗಣಿ ನೀರು, ಸುಣ್ಣ ಹಾಕಿ ಹಸಿರುಗಟ್ಟಿಸಿದೆವು.

ಪುಣೆಯ ಲಕ್ಷ್ಮೀ ರಸ್ತೆಯ ಆಭರಣದಂಗಡಿಯವರು ನಮ್ಮ ದುಂಡು ಮುತ್ತುಗಳನ್ನು ತಟ್ಟೆಯಲ್ಲಿ ಉರುಳಿಸಿದರು. ಕೆಲವು ನೆಟ್ಟಗೆ ಓಡಿದವು, ಕೆಲವು ವಾಲಿ ನಿಂತವು. ಪಕ್ಕದಲ್ಲೇ ಒಂದು ಚೀನಾ ಸರ ತಂದಿಟ್ಟರು: ಒಂದೇ ಗಾತ್ರ, ಒಂದೇ ಬಣ್ಣ. ಅಲ್ಲಿನ ದೊಡ್ಡ ಚಿಪ್ಪಿನಲ್ಲಿ ಮಣಿಯಿಲ್ಲದೆ ಬರೀ ಪೊರೆಯ ಚೂರುಗಳನ್ನಿಟ್ಟು ಒಂದರಿಂದಲೇ ಹತ್ತಾರು ಮುತ್ತು ತೆಗೆಯುತ್ತಾರೆ. ಆ ದರಕ್ಕೆ ನಾವು ಕೊಡುವ ಮಾತೇ ಇಲ್ಲ. ಒಂದು ಸರಕ್ಕೆ ಜೋಡಿಯಾಗುವಷ್ಟು ಮುತ್ತೂ ನಮ್ಮಲ್ಲಿರಲಿಲ್ಲ.

ಗಣಪತಿಯನ್ನು ಅದೇ ಅಂಗಡಿಯವರು ಮುಟ್ಟಲೂ ಇಲ್ಲ. ಆದರೆ ಅದಕ್ಕೆ ಜೋಡಿ ಬೇಕಿಲ್ಲ. ಚಿಪ್ಪಿನಿಂದ ಕೊಯ್ದು, ಬೆಳ್ಳಿ ಕಟ್ಟಿಸಿ, ಚೌತಿಯ ಮುಂಚೆ ಪರಿಚಯದವರಿಗೆ ಪದಕವಾಗಿ ಮಾರಿದೆವು. ಬೆಳೆದದ್ದನ್ನೆಲ್ಲ ತಾವೇ ಕೊಳ್ಳುತ್ತೇವೆಂದು ತರಬೇತಿ ಫೀಸು ಕೇಳುವವರು ಬಂದರೆ, ಹಿಂದೆ ಯಾರಿಂದ ಕೊಂಡಿದ್ದಾರೆಂದು ಕೇಳಿ, ಆ ರೈತರಿಗೇ ಫೋನ್ ಮಾಡಿ. ಕಲಿಯಲು ಭುವನೇಶ್ವರದಲ್ಲಿ ಸಿಫಾ ಎಂಬ, ಸಿಹಿನೀರಿನ ಜಲಕೃಷಿಯ ಸರ್ಕಾರಿ ಸಂಶೋಧನಾ ಸಂಸ್ಥೆಯಿದೆ.