ರಾತ್ರಿ ಒಂಬತ್ತಕ್ಕೆ ಯಾವ ಮೀನು ಎದ್ದಿರುತ್ತದೆ?

ಉಪ್ಪುನೀರಿನ ಅಕ್ವೇರಿಯಂಗೆ ಮೀನು ಆರಿಸುವಾಗ ಎಲ್ಲರೂ ಬಣ್ಣ ನೋಡುತ್ತಾರೆ. ಎಷ್ಟು ದೊಡ್ಡದಾಗುತ್ತದೆ ಅಂತ ಕೇಳುತ್ತಾರೆ, ಬೆಲೆಗೆ ಚೌಕಾಸಿ ಮಾಡುತ್ತಾರೆ. ಎಷ್ಟು ಹೊತ್ತಿಗೆ ಮಲಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಮರಳಲ್ಲಿ ಮಲಗುವ ಮೀನಾದರೆ ಮೊದಲು ಕೇಳಬೇಕಾದದ್ದೇ ಅದು. ನಾನಿರುವುದು ಬಳ್ಳಾರಿಯಲ್ಲಿ, ಕೆಲಸ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ. ಆರ್ಡರ್ ಇದ್ದ ದಿನ ಮನೆ ಸೇರುವಾಗ ಒಂಬತ್ತಾಗಿರುತ್ತದೆ. ಅಷ್ಟೊತ್ತಿಗೆ ಮೀನು ಎದ್ದಿರಬೇಕು, ಇಲ್ಲದಿದ್ದರೆ ಟ್ಯಾಂಕ್ ಇಟ್ಟು ಏನು ಬಂತು?

ಮೂರು ಬಗೆಯವನ್ನು ಸಾಕಿ ನೋಡಿದ್ದೇನೆ: ಎಲ್ಲೋ ಕೋರಿಸ್ ರಾಸ್, ಡೈಮಂಡ್ ಗೋಬಿ, ಮತ್ತು ಪಿಸ್ಟಲ್ ಸಿಗಡಿಯ ಜೊತೆ ಬಾಳುವ ಎಲ್ಲೋ ವಾಚ್‌ಮನ್ ಗೋಬಿ. ಮೂರಕ್ಕೂ ಮರಳು ಬೇಕು. ಆದರೆ ಮಲಗುವ ರೀತಿ ಒಂದರಂತೆ ಇನ್ನೊಂದಿಲ್ಲ.

ಎಲ್ಲೋ ಕೋರಿಸ್‌ನ ಶಾಸ್ತ್ರೀಯ ಹೆಸರು ಹ್ಯಾಲಿಕೋಯಿರಿಸ್ ಕ್ರೈಸಸ್. ಬೆಳೆದರೆ ಸುಮಾರು 12 ಸೆಂಟಿಮೀಟರ್. ಮೈಯೆಲ್ಲ ಅಚ್ಚ ಹಳದಿ, ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆ. ಹಗಲೆಲ್ಲ ಒಂದು ಕಡೆ ನಿಲ್ಲದೆ ಕಲ್ಲಿನ ಸಂದಿ ಸಂದಿಯನ್ನೂ ಹುಡುಕುತ್ತ ತಿರುಗುತ್ತದೆ. ಮಲಗುವ ಹೊತ್ತಾದಾಗ ಇದನ್ನು ನೋಡಬೇಕು. ಒಂದೇ ಮೂಲೆಯಲ್ಲಿ ಸುತ್ತು ಹೊಡೆಯಲು ಶುರು ಮಾಡುತ್ತದೆ. ಮರಳಿಗೆ ಮೂತಿ ತಾಗಿಸುತ್ತದೆ, ಬೇಡವೆಂದು ಮೇಲೇಳುತ್ತದೆ, ಮತ್ತೆ ಬರುತ್ತದೆ. ಕೊನೆಗೆ ಮೈಯನ್ನು ಓರೆ ಮಾಡಿ ತಲೆ ಮುಂದಾಗಿ ನುಗ್ಗುತ್ತದೆ. ಬಾಲ ಪಟಪಟ ಅಲುಗುತ್ತದೆ, ಒಂದು ಹಿಡಿಯಷ್ಟು ಮರಳು ಮೇಲೆದ್ದು ಇಳಿಯುತ್ತದೆ. ಅಷ್ಟೇ. ಅಲ್ಲೊಂದು ಮೀನು ಇತ್ತು ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಬೆಳಿಗ್ಗೆ ಮೊದಲು ತಲೆ ಮಾತ್ರ ಹೊರಗೆ ಬರುತ್ತದೆ. ಕಣ್ಣು ಆ ಕಡೆ ಈ ಕಡೆ ತಿರುಗುತ್ತದೆ, ಆಮೇಲೆ ಮೈ.

ತೊಂದರೆ ಇರುವುದು ಸಮಯದಲ್ಲಿ. ಈ ಮೀನು ನಮ್ಮ ಲೈಟಿನ ಸ್ವಿಚ್ಚಿಗಿಂತ ತನ್ನ ಮೈಯೊಳಗಿನ ಗಡಿಯಾರವನ್ನು ಜಾಸ್ತಿ ನಂಬುತ್ತದೆ. ನಮ್ಮಲ್ಲಿಗೆ ಬರುವವು ಬಹುಪಾಲು ಇಂಡೋನೇಷ್ಯಾ ಕಡೆಯವು. ಜಕಾರ್ತಾದ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಬಾಲಿಯದು ಎರಡೂವರೆ ಗಂಟೆ. ಬಾಲಿಯಲ್ಲಿ ಸೂರ್ಯ ಮುಳುಗುವಾಗ ಬಳ್ಳಾರಿಯಲ್ಲಿ ಇನ್ನೂ ಸಂಜೆ ನಾಲ್ಕರ ಬಿಸಿಲು. ಹೊಸದಾಗಿ ಬಂದ ಮೀನು ನಾಲ್ಕು ಗಂಟೆಗೇ ಮರಳಿಗೆ ಇಳಿದರೆ ಅದಕ್ಕೆ ಕಾಯಿಲೆ ಅಂತ ಅಲ್ಲ, ಅದರ ಲೆಕ್ಕದಲ್ಲಿ ಕತ್ತಲಾಗಿದೆ. ಕ್ರಮೇಣ ನಮ್ಮ ಹೊತ್ತಿಗೆ ಹೊಂದಿಕೊಳ್ಳುತ್ತದೆ. ಅಲ್ಲಿಯವರೆಗೆ ಕೈ ಹಾಕಿ ಮರಳು ಕೆದಕಬಾರದು. ಎದ್ದಿರುವ ಹೊತ್ತಿನಲ್ಲೇ ಊಟ ಹಾಕಬೇಕು, ಇಲ್ಲದಿದ್ದರೆ ಹೊಟ್ಟೆ ಒಳಗೆ ಹೋಗುತ್ತದೆ.

ನಮ್ಮ ಮನೆಯಲ್ಲಿ ಲೈಟು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಹತ್ತರವರೆಗೆ. ಬೆಳಗಿನ ಬೆಳಕು ಬೀಳದಂತೆ ಕಿಟಕಿಗೆ ಯೂನಿಟ್‌ನಲ್ಲಿ ಉಳಿದ ದಪ್ಪ ಡೆನಿಮ್ ಬಟ್ಟೆ ಕಟ್ಟಿದ್ದೇನೆ. ಇಷ್ಟೆಲ್ಲ ಮಾಡಿದರೂ ಕೋರಿಸ್ ಲೈಟು ಆರುವವರೆಗೆ ಕಾಯುವುದಿಲ್ಲ. ನಾನು ಊಟಕ್ಕೆ ಕೂರುವಾಗ ಅದು ಮಲಗಲು ಜಾಗ ಹುಡುಕುತ್ತಿರುತ್ತದೆ. ಊರಿಂದ ನೆಂಟರು ಬಂದಾಗ ಟ್ಯಾಂಕ್ ತೋರಿಸಲು ಹೋದೆ, ಒಳಗೆ ಕಲ್ಲು ಮರಳು ಬಿಟ್ಟು ಏನೂ ಇಲ್ಲ. ಅವ್ವ ಅಡುಗೆಮನೆಯಿಂದಲೇ ಅಂದಳು: "ಅಷ್ಟು ರೊಕ್ಕ ಕೊಟ್ಟು ಬರೀ ಉಸುಕು ಇಟ್ಟಾನ ನೋಡ್ರಿ."

ಡೈಮಂಡ್ ಗೋಬಿಯ ವಿಷಯ ಬೇರೆ. ವ್ಯಾಲೆನ್ಸಿಯೆನಿಯ ಪ್ಯುಯೆಲಾರಿಸ್ ಅಂತ ಹೆಸರು. ಬಿಳಿ ಮೈ ಮೇಲೆ ಕಿತ್ತಳೆ ಚುಕ್ಕೆ, 15 ಸೆಂಟಿಮೀಟರಿಗೂ ಮೇಲೆ ಬೆಳೆಯುತ್ತದೆ. ಇದು ಮರಳಿನೊಳಗೆ ಹೂತುಕೊಳ್ಳುವುದಿಲ್ಲ, ಕಲ್ಲಿನ ಕೆಳಗೆ ಬಿಲ ತೋಡಿ ಅದರಲ್ಲಿ ಮಲಗುತ್ತದೆ. ಎಷ್ಟೋ ಸಲ ಬಾಗಿಲಿಗೆ ಮರಳು ದೂಡಿ ಮುಚ್ಚಿಕೊಂಡೇ ಮಲಗುವುದು. ಲೈಟು ಮಂದವಾಗುವ ತನಕ ಹೊರಗೇ ಇರುತ್ತದೆ, ಆ ಲೆಕ್ಕದಲ್ಲಿ ಕೋರಿಸ್‌ಗಿಂತ ವಾಸಿ. ಹಗಲಿನ ಕೆಲಸ ಒಂದೇ: ಬಾಯಿ ತುಂಬ ಮರಳು ತುಂಬಿಕೊಂಡು ಕಿವಿರಿನಿಂದ ಜರಡಿ ಹಿಡಿದು, ಅದರಲ್ಲಿರುವ ಸಣ್ಣ ಹುಳ ತಿಂದು, ಉಳಿದದ್ದನ್ನು ಉಗುಳುವುದು. ಮರಳು ಬೆಳ್ಳಗೆ ಇರುತ್ತದೆ, ನಿಜ. ಆದರೆ ಕಲ್ಲಿನ ಮೇಲೆಲ್ಲ ಮರಳಿನ ಮಳೆ.

ಮರಳಿನಲ್ಲಿರುವ ಹುಳ ಖಾಲಿಯಾದ ಮೇಲೆ ಅದಕ್ಕೆ ಹೊಟ್ಟೆಗಿಲ್ಲ. ಮೈಸಿಸ್ ಎಂಬ ಸಿಗಡಿಯಂಥ ಸಣ್ಣ ಜೀವಿ, ಸಣ್ಣಗೆ ಹೆಚ್ಚಿದ ಸಿಗಡಿ ತಿನ್ನಲು ಕಲಿತರೆ ಸರಿ, ಕಲಿಯದಿದ್ದರೆ ಬಡಕಲಾಗುತ್ತ ಹೋಗುತ್ತದೆ. ನಾಲ್ಕಡಿ ಟ್ಯಾಂಕಿಗಿಂತ ಚಿಕ್ಕದಕ್ಕೆ ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಇನ್ನೊಂದು ವಿಷಯ. ಇದು ಬಿಲ ತೋಡುವುದು ಕಲ್ಲಿನ ಬುಡದಲ್ಲೇ. ಮರಳು ಹಾಕಿ ಅದರ ಮೇಲೆ ಕಲ್ಲು ಜೋಡಿಸಿದ್ದರೆ ಒಂದು ರಾತ್ರಿ ಕಲ್ಲು ಜಾರಿ ಗಾಜಿಗೆ ಬಡಿಯುತ್ತದೆ. ಮೊದಲು ಕಲ್ಲನ್ನು ಟ್ಯಾಂಕಿನ ತಳಕ್ಕೆ ಗಟ್ಟಿಯಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಿರಿ.

ಈಗ ನನ್ನ ಮನಸ್ಸಿಗೆ ಹಿಡಿಸಿದ ಜೋಡಿ. ಎಲ್ಲೋ ವಾಚ್‌ಮನ್ ಗೋಬಿ, ಅಂದರೆ ಕ್ರಿಪ್ಟೊಸೆಂಟ್ರಸ್ ಸಿಂಕ್ಟಸ್, ಸುಮ್ನೆ ಬಿಲದ ಬಾಯಲ್ಲಿ ಕೂತಿರುತ್ತದೆ. ಬಿಲ ತೋಡುವುದು ಅದಲ್ಲ, ಪಿಸ್ಟಲ್ ಸಿಗಡಿ. ಸಿಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಹೊರಗೆ ಬಂದಾಗ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಮೀನು ಬಾಲ ಅಲುಗಿಸುತ್ತದೆ, ಸಿಗಡಿ ಒಳಗೆ. ಪರಿಸ್ಥಿತಿ ಜೋರಾದರೆ ಮೀನೂ ಒಳಗೆ. ಸಂಜೆಯಿಂದ ಲೈಟು ಆರುವ ತನಕ ಈ ವ್ಯವಹಾರ ನೋಡುತ್ತ ಕೂರಬಹುದು. ಗೋಬಿಯ ಹಳದಿ ತಲೆ, ಅದರ ನೀಲಿ ಚುಕ್ಕೆ, ಪಕ್ಕದಲ್ಲಿ ಮರಳು ಹೊತ್ತು ತಂದು ಸುರಿಯುವ ಸಿಗಡಿಯ ಕೊಂಡಿ, ಎಲ್ಲ ಒಂದೇ ಜಾಗದಲ್ಲಿ, ಕಣ್ಣೆದುರಿಗೇ.

ಕತ್ತಲಾಗುತ್ತಿದ್ದಂತೆ ಮೀನು ಒಳಗೆ ಹೋಗುತ್ತದೆ, ಸಿಗಡಿ ಒಳಗಿನಿಂದಲೇ ಬಾಗಿಲು ಮುಚ್ಚುತ್ತದೆ. ಬೆಳಿಗ್ಗೆ ಮೊದಲು ಹೊರಗೆ ತಲೆ ಹಾಕುವುದು ಗೋಬಿ. ಕಾವಲು ಅದರದ್ದಲ್ವಾ? ರಾತ್ರಿ ಟಕ್ ಅಂತ ಗಾಜು ಸೀಳಿದ ಹಾಗೆ ಸದ್ದು ಕೇಳಿದರೆ ಗಾಬರಿ ಬೇಡ. ಸಿಗಡಿ ತನ್ನ ದೊಡ್ಡ ಕೊಂಡಿಯನ್ನು ಜೋರಾಗಿ ಮುಚ್ಚಿದಾಗ ನೀರಲ್ಲಿ ಗುಳ್ಳೆ ಎದ್ದು ಒಡೆಯುವ ಸದ್ದು ಅದು. ಇಡೀ ಮನೆ ಮಲಗಿದ ಮೇಲೆ ಪಕ್ಕದ ಕೋಣೆಗೂ ಕೇಳಿಸುತ್ತದೆ.

ಮರಳಿನ ವಿಷಯದಲ್ಲೂ ಮೂರರ ಬೇಡಿಕೆ ಬೇರೆ ಬೇರೆ. ಕೋರಿಸ್‌ಗೆ ಸಣ್ಣ ಕಾಳಿನ ಅರಗೊನೈಟ್ ಮರಳು (ಸುಣ್ಣದಂಶದ ಮರಳು) ಎರಡು ಇಂಚಾದರೂ ಇರಬೇಕು, ಒರಟು ಚೂರಾದರೆ ಮೂತಿ, ಮೈ ಗಾಯ. ಡೈಮಂಡ್ ಗೋಬಿಗೂ ಸಣ್ಣ ಕಾಳೇ ಬೇಕು, ಜರಡಿ ಹಿಡಿಯಬೇಕಲ್ಲ. ಸಿಗಡಿಗೆ ಮಾತ್ರ ಬರೀ ಸಣ್ಣ ಮರಳು ಸಾಲದು. ಬಿಲದ ಮಾಡು ಕುಸಿಯದಂತೆ ಚಿಪ್ಪಿನ ಚೂರು, ಹರಳು ಕಲ್ಲು ಬೆರೆಸಿ ಮೂರು ಇಂಚು ಹಾಕಿದ್ದೇನೆ. ತುಂಗಭದ್ರೆಯ ಮರಳು ಹತ್ತಿರದಲ್ಲೇ ಸಿಗುತ್ತದೆ, ಅದನ್ನೇ ಹಾಕಬಾರದಾ ಅಂತ ಕೇಳುವವರಿದ್ದಾರೆ. ಮಣ್ಣು ಬೆರೆತ, ಕಾಳು ಒಂದೇ ಸಮ ಇಲ್ಲದ ಮರಳು ಮನೆ ಕಟ್ಟಲು ಚೆನ್ನ, ಇದಕ್ಕೆ ಬೇಡ. ಎಂ-ಸ್ಯಾಂಡ್ ಅಂತೂ ಬೇಡವೇ ಬೇಡ, ಅದು ಒಡೆದ ಕಲ್ಲು, ಅಂಚೆಲ್ಲ ಚೂಪು. ಸಮುದ್ರದಿಂದ ಹವಳದ ಕಲ್ಲು ತರಿಸಿ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ದೂರ ಇರಿ. ಕಲ್ಲುಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಬಳ್ಳಾರಿಯ ಬೇಸಿಗೆ ಮೂರಕ್ಕೂ ಒಂದೇ. ಹೊರಗೆ 40 ಡಿಗ್ರಿ ದಾಟಿದಾಗ ಒಳಗಿನ ನೀರು 26-27ರಲ್ಲಿ ನಿಲ್ಲಬೇಕು. ನೀರು ತಣ್ಣಗೆ ಮಾಡುವ ಚಿಲ್ಲರ್ ಯಂತ್ರ ಇದ್ದರೆ ಒಳ್ಳೆಯದು, ದುಬಾರಿ. ನಮ್ಮ ಗಾಳಿ ಒಣ ಗಾಳಿ, ಹಾಗಾಗಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೂ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾಗಿ ಹೋದ ನೀರಿಗೆ ಬದಲಾಗಿ ದಿನಾ ಆರ್‌ಒ ನೀರು ಹಾಕಬೇಕು, ಉಪ್ಪುನೀರಲ್ಲ, ಯಾಕೆಂದರೆ ಉಪ್ಪು ಆವಿಯಾಗಿ ಹೋಗುವುದಿಲ್ಲ. ಕರೆಂಟ್ ಹೋದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಸಂಜೆ ಏಳಕ್ಕೆ ಲೈಟು ಹೋದರೆ ಕೋರಿಸ್ ಆವತ್ತಿನ ಅಂಗಡಿ ಮುಚ್ಚುತ್ತದೆ, ಕರೆಂಟ್ ಬಂದರೂ ಏಳುವುದಿಲ್ಲ. ವಾಚ್‌ಮನ್ ಮತ್ತೆ ಬಾಗಿಲಿಗೆ ಬರುತ್ತದೆ. ಲೈಟು ಹೋದರೂ ಪರವಾಗಿಲ್ಲ, ನೀರು ತಿರುಗಿಸುವ ಪಂಪು ನಿಲ್ಲಬಾರದು, ಅದನ್ನು ಇನ್ವರ್ಟರಿಗೆ ಕೊಟ್ಟಿದ್ದೇನೆ. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ.

ಮರಳೇ ಬೇಡ ಅನ್ನುವವರಿಗೆ ಸಿಕ್ಸ್‌ಲೈನ್ ರಾಸ್ ಇದೆ. ಅದು ಕಲ್ಲಿನ ಸಂದಿಯಲ್ಲಿ ಲೋಳೆಯ ಪರದೆ ಸುತ್ತಿಕೊಂಡು ಮಲಗುತ್ತದೆ. ಜಗಳಗಂಟಿ, ತನ್ನ ನಂತರ ಟ್ಯಾಂಕಿಗೆ ಬಂದ ಮೀನುಗಳನ್ನು ಬದುಕಲು ಬಿಡುವುದಿಲ್ಲ, ಅದಕ್ಕೇ ನಾನು ತರಲಿಲ್ಲ.

ಬೆಳಿಗ್ಗೆ, ಮಧ್ಯಾಹ್ನ ಮನೆಯಲ್ಲಿರುವವರಿಗೆ ನನ್ನ ಮತ ಕೋರಿಸ್‌ಗೆ. ಅಷ್ಟು ಚುರುಕಿನ ಮೀನು ಈ ಮೂರರಲ್ಲಿ ಇನ್ನೊಂದಿಲ್ಲ, ಬೇಡದ ಚಪ್ಪಟೆ ಹುಳಗಳನ್ನೂ ತಿಂದು ಹಾಕುತ್ತದೆ. ಅವ್ವನಿಗೆ ಅದೇ ಇಷ್ಟ, ಮಧ್ಯಾಹ್ನ ಅವಳೇ ಊಟ ಹಾಕುವುದು. ರಾತ್ರಿ ಮನೆ ಸೇರುವವರಿಗೆ ವಾಚ್‌ಮನ್ ಮತ್ತು ಸಿಗಡಿ. ಕೋರಿಸ್‌ನ್ನೂ ಈ ಜೋಡಿಯನ್ನೂ ಒಂದೇ ಟ್ಯಾಂಕಿನಲ್ಲಿ ಇಡಲು ಹೋಗಬೇಡಿ ಅಂತ ನಾನು ಹೇಳುತ್ತೇನೆ, ಕೋರಿಸ್‌ಗೆ ಸಣ್ಣ ಸಿಗಡಿ ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಡೈಮಂಡ್ ಗೋಬಿ ದೊಡ್ಡ ಟ್ಯಾಂಕ್ ಇದ್ದು, ದಿನಕ್ಕೆ ಎರಡು ಮೂರು ಸಲ ಊಟ ಹಾಕುವವರಿಗೆ ಮಾತ್ರ. ಯಾವುದೇ ತಂದರೂ ಮೇಲೆ ಬಲೆಯ ಮುಚ್ಚಳ ಬೇಕು, ಮೂರೂ ಹಾರುತ್ತವೆ. ಕೋರಿಸ್ ತಂದವರು ಹೊಸ ಮೀನನ್ನು ಮೊದಲು ಬೇರೆಯಾಗಿ ಇಡುವ ಕ್ವಾರಂಟೈನ್ ಟ್ಯಾಂಕಿನಲ್ಲೂ ಒಂದು ಪ್ಲಾಸ್ಟಿಕ್ ಡಬ್ಬಿಗೆ ಮರಳು ತುಂಬಿ ಇಡಿ. ಬರಿ ಗಾಜಿಗೆ ತಲೆ ಹೊಡೆದುಕೊಂಡು ಮೂತಿ ಒಡೆದುಕೊಳ್ಳುವುದು ತಪ್ಪುತ್ತದೆ.