ಪರದೆ ಹಸಿರಾಗಿದೆ ಎಂದು ಒಎಲ್‌ಟಿಯನ್ನು ಒಪ್ಪಿಕೊಳ್ಳಬೇಡಿ

ಸಣ್ಣ ಊರುಗಳಲ್ಲಿ ಫೈಬರ್ ಬ್ರಾಡ್‌ಬ್ಯಾಂಡ್ ನಡೆಸುವವರು, ಅದರಲ್ಲೂ ಒಎಲ್‌ಟಿ (ಮನೆಮನೆಗೆ ಹೋಗುವ ಫೈಬರ್‌ಗಳು ಬಂದು ಸೇರುವ ಕೇಂದ್ರ ಸಾಧನ) ಅಳವಡಿಕೆಯನ್ನು ಗುತ್ತಿಗೆಗೆ ಕೊಟ್ಟವರು, ದಯವಿಟ್ಟು ಇದನ್ನು ಓದಿ. ‘ಮಾನಿಟರಿಂಗ್ ಎಲ್ಲ ಸೆಟ್ ಮಾಡಿದ್ದೇವೆ’ ಎಂಬ ಮಾತು ನಂಬಿ ಕೊನೆಯ ಕಂತು ಕೊಟ್ಟುಬಿಡಬೇಡಿ.

ನಾನು ನೋಡಿಕೊಳ್ಳುವ ಜಾಲ ಮಲೆನಾಡಿನಲ್ಲಿದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಅಲ್ಲಿ ಸುದ್ದಿಯೇ ಅಲ್ಲ. ಕ್ಯಾಬಿನೆಟ್‌ನಲ್ಲಿ ಬ್ಯಾಟರಿ ಇರುವುದೇ ಅದಕ್ಕೆ. ಕಳೆದ ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗಿ, ಬ್ಯಾಟರಿ ಗಂಟೆಗಟ್ಟಲೆ ಇಳಿದು, ನಸುಕಿಗೆ ಒಎಲ್‌ಟಿ ನಿಂತಿತು. ನಮ್ಮ ನಿಗಾ ಪರದೆಯಲ್ಲಿ ಅದು ಬೆಳಗಿನವರೆಗೂ ಹಸಿರು. ವಿಷಯ ತಿಳಿದದ್ದು ನರ್ಸಿಂಗ್ ಹೋಮ್‌ನ ಬಿಲ್ಲಿಂಗ್ ಕೌಂಟರಿನಿಂದ ಫೋನ್ ಬಂದಾಗ. ಹಣ ತೆತ್ತ ಗ್ರಾಹಕರೇ ನಮಗೆ ಅಲಾರ್ಮ್ ಆಗಬೇಕಾಯಿತು ಎಂಬುದು ನನಗೆ ಇಂದಿಗೂ ನುಂಗಲಾರದ ತುತ್ತು.

ಜನರೇಟರ್ ಒಯ್ದು ಒಎಲ್‌ಟಿ ಎಬ್ಬಿಸಿ, ಕನ್ಸೋಲ್ ಕೇಬಲ್ ಸಿಕ್ಕಿಸಿ ಕಾನ್ಫಿಗರೇಶನ್ ತೆರೆದೆವು. ಟ್ರ್ಯಾಪ್, ಅಂದರೆ ತೊಂದರೆಯಾದಾಗ ಸಾಧನ ತಾನಾಗಿ ಕಳುಹಿಸುವ ಎಚ್ಚರಿಕೆ ಸಂದೇಶ, ಹೋಗಬೇಕಾದ ವಿಳಾಸ 192.168.1.100 ಎಂದಿತ್ತು. ಆ ವಿಳಾಸದ ಯಂತ್ರ ನಮ್ಮಲ್ಲಿಲ್ಲ. ಅಳವಡಿಸಲು ಬಂದವರು ಪರೀಕ್ಷೆಗೆಂದು ತಮ್ಮ ಲ್ಯಾಪ್‌ಟಾಪ್‌ನ ವಿಳಾಸ ಹಾಕಿ, ಹಾಗೆಯೇ ಬಿಟ್ಟು ಹೋಗಿದ್ದರು. ವಿಳಾಸ ಸರಿಯಿದ್ದರೂ ಪ್ರಯೋಜನವಿರಲಿಲ್ಲ. ‘ಕ್ರಿಟಿಕಲ್’ ದರ್ಜೆಯ ಸಂದೇಶ ಮಾತ್ರ ಹೊರಹೋಗುವಂತೆ ಸೋಸಿದ್ದರು, ಬ್ಯಾಟರಿ ವೋಲ್ಟೇಜ್ ಕುಸಿತ ‘ಮೈನರ್’ ಪಟ್ಟಿಯಲ್ಲಿತ್ತು. ಸಾಧನದ ಮಾಹಿತಿ ಓದಲು ಗುಪ್ತಪದದಂತೆ ಬಳಸುವ ಕಮ್ಯುನಿಟಿ ಸ್ಟ್ರಿಂಗ್ ‘ಪಬ್ಲಿಕ್’, ಬರೆಯುವ ಅಧಿಕಾರದ್ದು ‘ಪ್ರೈವೇಟ್’. ಕಾರ್ಖಾನೆಯಿಂದ ಬಂದದ್ದು ಬಂದಂತೆಯೇ ಇತ್ತು. ಈ ನಿಗಾ ಸಂದೇಶಗಳು ಸಾಗುವ ನಿಯಮಾವಳಿಯಾದ ಎಸ್‌ಎನ್‌ಎಂಪಿಯ 1 ಮತ್ತು 2ಸಿ ಆವೃತ್ತಿಗಳಲ್ಲಿ ಈ ಪದಗಳು ಗೂಢಲಿಪಿಯಿಲ್ಲದೆ ತಂತಿಯ ಮೇಲೆ ಬೆತ್ತಲೆಯಾಗಿ ಓಡಾಡುತ್ತವೆ. 3ನೇ ಆವೃತ್ತಿ ಇರುವಾಗ ಅದನ್ನೇ ಕೇಳಿ ಪಡೆಯಿರಿ. ಮ್ಯಾನೇಜ್‌ಮೆಂಟ್‌ಗೆ ಪ್ರತ್ಯೇಕ ವಿಎಲ್‌ಎಎನ್ (ಅದೇ ಜಾಲದೊಳಗೆ ಬೇರ್ಪಡಿಸಿದ ಉಪಜಾಲ) ಇರಲಿ.

ಪರದೆ ಏಕೆ ಹಸಿರಾಗಿತ್ತು? ಟ್ರ್ಯಾಪ್ ಬಂದರೆ ಮಾತ್ರ ಕೆಂಪು, ಬರದಿದ್ದರೆ ಕ್ಷೇಮ ಎಂದು ಹೊಂದಿಸಿದ್ದರು. ಟ್ರ್ಯಾಪ್ ಹೋಗುವುದು ಯುಡಿಪಿ 162ನೇ ಪೋರ್ಟ್‌ಗೆ; ತಲುಪಿತು ಎಂಬ ಮರುಸಂದೇಶವಿಲ್ಲ, ದಾರಿಯಲ್ಲಿ ಕಳೆದರೆ ಕಳುಹಿಸಿದ ಸಾಧನಕ್ಕೂ ತಿಳಿಯುವುದಿಲ್ಲ. ಟ್ರ್ಯಾಪ್ ಬದಲು ‘ಇನ್‌ಫಾರ್ಮ್’ ಎಂಬ ಬಗೆಯ ಸಂದೇಶ ಬಳಸಿದರೆ ಸ್ವೀಕೃತಿ ಸಿಗುತ್ತದೆ, ನಿಜ. ಆದರೆ ಒಎಲ್‌ಟಿಯನ್ನು ಮುಖ್ಯ ಜಾಲಕ್ಕೆ ಸೇರಿಸುವ ಅಪ್‌ಲಿಂಕ್ ಫೈಬರೇ ತುಂಡಾದರೆ ಅದೂ ಬಾರದು. ಸತ್ತ ಸಾಧನ ತಾನು ಸತ್ತೆನೆಂದು ಬಂದು ಹೇಳಲಿ ಎಂದು ಕಾಯುವ ವ್ಯವಸ್ಥೆ ಇದು! ಸರ್ವರ್ ತಾನಾಗಿಯೇ ಆಗಾಗ ಒಎಲ್‌ಟಿಯನ್ನು ಕೇಳುತ್ತಿರಬೇಕು. ಸತತವಾಗಿ ಕೆಲವು ಸಲ ಉತ್ತರ ಬಾರದಿದ್ದರೆ ಕೆಂಪಾಗಬೇಕು.

ಗ್ರಾಫ್‌ಗಳೂ ಸುಳ್ಳೇ. ಗಿಗಾಬಿಟ್ ಅಪ್‌ಲಿಂಕ್‌ನಲ್ಲಿ ಹರಿದ ಡೇಟಾ ಎಣಿಸಲು 32 ಬಿಟ್ ಕೌಂಟರ್ ಹಾಕಿದ್ದರು. ಪೂರ್ಣ ವೇಗದಲ್ಲಿ ಅದು ಸುಮಾರು 34 ಸೆಕೆಂಡಿಗೆ ಸುತ್ತಿ ಸೊನ್ನೆಗೆ ಮರಳುತ್ತದೆ. ಓದುವುದು 5 ನಿಮಿಷಕ್ಕೊಮ್ಮೆ, ನಡುವೆ ಎಷ್ಟು ಸಲ ಸುತ್ತಿತೆಂದು ತಿಳಿಯುವುದೇ ಇಲ್ಲ. 64 ಬಿಟ್‌ನದ್ದು ಬೇಕು.

ಇದನ್ನೆಲ್ಲ ಸರಿಪಡಿಸಿದ ಮೇಲೆ ಎದುರಾದದ್ದು ಅಲಾರ್ಮ್‌ಗಳ ಪ್ರವಾಹ. ಮಲಗುವ ಮುನ್ನ ಜನ ಮನೆಯ ಒಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ) ಸ್ವಿಚ್ ಆರಿಸುತ್ತಾರೆ. ಪ್ರತಿಯೊಂದಕ್ಕೂ ಒಂದು ಎಸ್‌ಎಂಎಸ್. ಹೀಗಾದರೆ ಎರಡೇ ದಿನದಲ್ಲಿ ಸಿಬ್ಬಂದಿ ಫೋನನ್ನು ಮೌನಕ್ಕೆ ಹಾಕುತ್ತಾರೆ, ಅವರನ್ನು ದೂರುವಂತಿಲ್ಲ. ಒಎನ್‌ಟಿ ವಿದ್ಯುತ್ ಕಳೆದುಕೊಳ್ಳುವಾಗ ‘ಡೈಯಿಂಗ್ ಗ್ಯಾಸ್ಪ್’ ಎಂಬ ಕಡೆಯ ಸಂದೇಶ ಕಳುಹಿಸುತ್ತದೆ. ಒಂಟಿ ಮನೆಯಿಂದ ಬಂದದ್ದನ್ನು ದಾಖಲೆಗಷ್ಟೇ ಸೇರಿಸಿ. ಒಎಲ್‌ಟಿಯ ಒಂದೇ ಪಾನ್ ಪೋರ್ಟ್‌ನ (ಹಲವು ಮನೆಗಳಿಗೆ ಕವಲೊಡೆಯುವ ಒಂದು ಫೈಬರ್ ಹೊರಡುವ ಜಾಗ) ಹತ್ತಾರು ಮನೆಗಳು ಆ ಸಂದೇಶವಿಲ್ಲದೆ ಒಟ್ಟಿಗೆ ಮಾಯವಾದರೆ ಫೈಬರ್ ತುಂಡಾಗಿರುವ ಸಂಭವ ಹೆಚ್ಚು: ಆಗ ಒಂದೇ ಒಂದು ಎಸ್‌ಎಂಎಸ್ ಹೋಗಲಿ. ಬಿ ಪ್ಲಸ್ ಎಂಬ ದರ್ಜೆಯ ಒಎನ್‌ಟಿಗೆ ತಲುಪಬೇಕಾದ ಬೆಳಕಿನ ಕನಿಷ್ಠ ಮಿತಿ ಮೈನಸ್ 27 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ). ಅಲ್ಲಿಯವರೆಗೆ ಕಾಯದೆ, ಮೊದಲ ದಿನದ ಅಳತೆಗಿಂತ 3 ಡಿಬಿ ಇಳಿದಾಗಲೇ ಎಚ್ಚರಿಸುವಂತೆ ಇಡಿ. ನೀರು ಹೊಕ್ಕ ಜಾಯಿಂಟ್, ಬಾಗಿದ ಕೇಬಲ್ ಎಷ್ಟೋ ಸಲ ಹಾಗೆಯೇ ಸಿಗುತ್ತವೆ.

ಸ್ವೀಕರಿಸುವ ದಿನ ಗುತ್ತಿಗೆದಾರರನ್ನು ಎದುರಿಗೆ ನಿಲ್ಲಿಸಿಕೊಂಡು ಮೇನ್ಸ್ ಬ್ರೇಕರ್ ಇಳಿಸಿ. ಆಮೇಲೆ ಅಪ್‌ಲಿಂಕ್ ಫೈಬರ್ ಕೀಳಿ. ನಂತರ ಒಎಲ್‌ಟಿ ರೀಬೂಟ್ ಮಾಡಿಸಿ. ಸೇವ್ ಮಾಡದ ಸೆಟ್ಟಿಂಗ್ ಅಲ್ಲಿಯೇ ಮಾಯವಾಗುತ್ತದೆ, ಪೋರ್ಟ್‌ಗಳ ಇಂಡೆಕ್ಸ್ ಸಂಖ್ಯೆ ಬದಲಾಗುವುದೂ ಉಂಟು. ಪ್ರತಿ ಸಲವೂ ಎಸ್‌ಎಂಎಸ್ ಯಾರ ಮೊಬೈಲಿಗೆ ಬಂತು ಎಂದು ನೋಡಿ. ಆ ಎಸ್‌ಎಂಎಸ್ ಹೊರಡುವುದು ಕಿತ್ತ ಲಿಂಕ್‌ನ ಮೂಲಕವೇ ಆಗಿದ್ದರೆ, ಸರ್ವರ್‌ಗೆ ಬೇರೆಯದೇ ಸಿಮ್ ಹಾಕಿದ ಮೋಡೆಮ್ ಒಂದನ್ನು ಅಂದೇ ಜೋಡಿಸಿ.